ಬಿಪಿ 114/90, "ಸ್ಟೇಬಲ್" ಎಂದು ಕೇಸ್ ಶೀಟ್: ಶಾಕ್ ಬೇಗ ಗೊತ್ತಾಗಲು ವೈಟಲ್ಸ್‌ನಲ್ಲಿ ಏನು ನೋಡಬೇಕು?

ಕ್ಯಾಶುವಾಲ್ಟಿ_ಡ್ಯೂಟಿ
ತಾಲ್ಲೂಕು ಆಸ್ಪತ್ರೆಯ ಎಮರ್ಜೆನ್ಸಿಗೆ ಒಂದು ಪುಟದ ಟ್ರಯಾಜ್ (ಯಾರನ್ನು ಮೊದಲು ನೋಡಬೇಕೆಂದು ವಿಂಗಡಿಸುವ) ಹಾಳೆ ಬರೆಯಬೇಕಿದೆ. ಈಗಿನ ಹಾಳೆಯಲ್ಲಿ ಶಾಕ್ (ಅಂಗಾಂಗಗಳಿಗೆ ಸಾಕಷ್ಟು ರಕ್ತ ಹರಿಯದ ಸ್ಥಿತಿ) ಬಗ್ಗೆ ಇರುವುದು ಒಂದೇ ಸಾಲು: "ಸಿಸ್ಟಾಲಿಕ್ 90ಕ್ಕಿಂತ ಕೆಳಗಿದ್ದರೆ ಡ್ಯೂಟಿ ಡಾಕ್ಟರಿಗೆ ತಿಳಿಸಿ." ಸಿಸ್ಟಾಲಿಕ್ ಅಂದರೆ ಬಿಪಿಯ ಮೇಲಿನ ಸಂಖ್ಯೆ, ಅದು ಅಷ್ಟು ಇಳಿಯುವವರೆಗೆ ಕಾದರೆ ತಡವಾಯಿತು ಎಂದೇ ಅರ್ಥ.

ಕೈಯಲ್ಲಿರುವುದು: ಡಿಜಿಟಲ್ ಬಿಪಿ ಮೆಷಿನ್, ಕೈಯಲ್ಲಿ ಗಾಳಿ ತುಂಬುವ ಒಂದು ಬಿಪಿ ಉಪಕರಣ, ಪಲ್ಸ್ ಆಕ್ಸಿಮೀಟರ್, ಥರ್ಮಾಮೀಟರ್, ಗ್ಲುಕೋಮೀಟರ್, ಗೋಡೆ ಗಡಿಯಾರ. ರಕ್ತದ ಲ್ಯಾಕ್ಟೇಟ್ (ಆಮ್ಲಜನಕ ಸಾಲದಾಗ ಏರುವ ಆಮ್ಲ) ಅಳೆಯುವ ಸೌಲಭ್ಯ ಇಲ್ಲ. ಅಲ್ಟ್ರಾಸೌಂಡ್ ಹಗಲು ಮಾತ್ರ.

ಮೂರು ಪ್ರಶ್ನೆ. ಶಾಕ್ ಇಂಡೆಕ್ಸ್ (ಪಲ್ಸ್ ÷ ಸಿಸ್ಟಾಲಿಕ್) ಸೇರಿಸುವುದಾದರೆ ಗಡಿ 0.7, 0.9, 1 ಇವುಗಳಲ್ಲಿ ಯಾವುದು? ಪಲ್ಸ್ ಏರದೆಯೇ ಶಾಕ್‌ಗೆ ಹೋಗುವವರನ್ನು ಹಿಡಿಯುವುದು ಹೇಗೆ? ವೈಟಲ್ಸ್ ಮತ್ತೆ ನೋಡುವುದು ಎಷ್ಟು ಹೊತ್ತಿಗೊಮ್ಮೆ?

ಅರಿವಳಿಕೆ_ಮೇಷ್ಟ್ರು
90ರ ಗಡಿಯನ್ನು ತೆಗೆಯಬೇಡಿ, ಕೊನೆಯ ಸಾಲಿಗೆ ಇಳಿಸಿ. ರಕ್ತ ಹೋದಾಗ ದೇಹ ಎಲ್ಲಕ್ಕಿಂತ ಮೊದಲು ಕಾಪಾಡಿಕೊಳ್ಳುವುದೇ ಬಿಪಿಯನ್ನು. ಒತ್ತಡ ತುಸು ಇಳಿದದ್ದು ಕ್ಯಾರೊಟಿಡ್ ಮತ್ತು ಮಹಾಧಮನಿಯ ಬ್ಯಾರೋರಿಸೆಪ್ಟರ್‌ಗಳಿಗೆ (ಧಮನಿಯಲ್ಲಿ ಒತ್ತಡ ಗುರುತಿಸುವ ನರತುದಿಗಳು) ಗೊತ್ತಾದ ಕೂಡಲೇ ಹೃದಯ ವೇಗವಾಗುತ್ತದೆ. ಚರ್ಮ, ಕರುಳು, ಮೂತ್ರಪಿಂಡಗಳ ಸಣ್ಣ ರಕ್ತನಾಳಗಳು ಬಿಗಿಯಾಗುತ್ತವೆ. ನಾಳ ಬಿಗಿಯಾದರೆ ಡಯಾಸ್ಟಾಲಿಕ್ (ಬಿಪಿಯ ಕೆಳಗಿನ ಸಂಖ್ಯೆ) ಮೇಲೆ ಹೋಗುತ್ತದೆ. ಒಂದೊಂದು ಬಡಿತಕ್ಕೆ ಹೊರಬರುವ ರಕ್ತ ಕಡಿಮೆಯಾಗಿರುವುದರಿಂದ ಸಿಸ್ಟಾಲಿಕ್ ಮಾತ್ರ ಅಲ್ಲೇ ನಿಲ್ಲುತ್ತದೆ ಅಥವಾ ಸ್ವಲ್ಪ ಇಳಿಯುತ್ತದೆ. 122/76 ಇದ್ದದ್ದು 114/90 ಆಗುತ್ತದೆ. ಎರಡನೆಯದನ್ನು ನೋಡಿ ಬಿಪಿ ಚೆನ್ನಾಗಿದೆ ಅನ್ನುತ್ತಾರೆ. ಪಲ್ಸ್ ಪ್ರೆಷರ್ (ಆ ಎರಡು ಸಂಖ್ಯೆಗಳ ಅಂತರ) 46ರಿಂದ 24ಕ್ಕೆ ಇಳಿದದ್ದನ್ನು ಯಾರೂ ಕಳೆದು ನೋಡಿರುವುದಿಲ್ಲ.

ಎಟಿಎಲ್‌ಎಸ್ (ಗಾಯಾಳು ಚಿಕಿತ್ಸೆಯ ತರಬೇತಿ) ಪಾಠದಲ್ಲಿ 70 ಕೆ.ಜಿ. ವಯಸ್ಕರಿಗೆ ಹೇಳುವ ಲೆಕ್ಕ: 750 ಮಿ.ಲೀ.ವರೆಗೆ ರಕ್ತ ಹೋದರೆ ಹೆಚ್ಚುಕಮ್ಮಿ ಏನೂ ಕಾಣುವುದಿಲ್ಲ. 750ರಿಂದ 1500 ಮಿ.ಲೀ. ಹೋದರೆ ಪಲ್ಸ್ 100ರಿಂದ 120, ಉಸಿರು 20ರಿಂದ 30, ಪಲ್ಸ್ ಪ್ರೆಷರ್ ಕಿರಿದು, ಸಿಸ್ಟಾಲಿಕ್ ಹಾಗೆಯೇ. ಸಿಸ್ಟಾಲಿಕ್ ಇಳಿಯಲು ಶುರುವಾಗುವುದು 1500 ಮಿ.ಲೀ. ದಾಟಿದ ಮೇಲೆ, ಅಂದರೆ ದೇಹದ ರಕ್ತದಲ್ಲಿ ಶೇ. 30 ಹೋದ ಮೇಲೆ. ಈ ಕೋಷ್ಟಕವನ್ನು ಅಕ್ಷರಶಃ ನಂಬಬೇಡಿ, ರೋಗಿಗಳು ಹೀಗೆ ಸಾಲಾಗಿ ನಿಲ್ಲುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮಕ್ಕಾಗಿ ಅದನ್ನು ಇಟ್ಟುಕೊಳ್ಳಿ.

ಹಾಳೆಯಲ್ಲಿ ಬಿಪಿ ಪಕ್ಕದಲ್ಲೇ ಪಲ್ಸ್ ಪ್ರೆಷರ್‌ಗೆ ಒಂದು ಚೌಕ ಹಾಕಿ. ಖಾಲಿ ಚೌಕ ಇದ್ದರೆ ಮಾತ್ರ ಕಳೆಯುತ್ತಾರೆ. ಸಿಸ್ಟಾಲಿಕ್‌ನ ಕಾಲು ಭಾಗಕ್ಕಿಂತ ಕಡಿಮೆ ಬಂದರೆ ಹೃದಯ ಹೊರಹಾಕುತ್ತಿರುವ ರಕ್ತ ಕಡಿಮೆ ಎಂಬ ಅನುಮಾನ ಬರಲೇಬೇಕು. ಮೇಲಿನ 114/90ರಲ್ಲಿ ಅಂತರ 24. ಕಾಲು ಭಾಗ 28.5. ಅಲ್ಲೇ ಸಿಕ್ಕಿಬಿದ್ದಿತು.

108_ಇಎಂಟಿ
ಇದರ ಜೊತೆಗೆ ಇನ್ನೊಂದನ್ನು ಕೈಬಿಡಬೇಕು: "ಮಣಿಕಟ್ಟಿನಲ್ಲಿ ನಾಡಿ ಸಿಕ್ಕರೆ ಸಿಸ್ಟಾಲಿಕ್ 80 ಇದ್ದೇ ಇದೆ" ಎಂಬ ಹಳೆಯ ಸೂತ್ರ. ಧಮನಿಯೊಳಗೆ ನಳಿಕೆ ಹಾಕಿ ಅಳೆದು ನೋಡಿದಾಗ, ನಾಡಿ ಸಿಗುತ್ತಿದ್ದರೂ ಒತ್ತಡ ಅದಕ್ಕಿಂತ ಕೆಳಗಿದ್ದದ್ದು ಕಂಡಿದೆ. ನಾಡಿ ಹಿಡಿದಾಗ ಬಿಪಿ ಊಹಿಸುವ ಬದಲು ಮೂರು ನೋಡಿ: ವೇಗ, ತುಂಬಿದೆಯೋ ದಾರದಂತಿದೆಯೋ, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ತಂಪು ಎಲ್ಲಿಂದ ಶುರು. ಹತ್ತು ಸೆಕೆಂಡ್ ಸಾಕು.

ಶಾಕ್ ಇಂಡೆಕ್ಸ್ ವಿಚಾರಕ್ಕೆ: ಗಾಯಾಳುಗಳ ಸ್ಥಳದ ಟ್ರಯಾಜ್‌ಗೆ ಅಮೆರಿಕದ 2021ರ ಮಾರ್ಗಸೂಚಿಯಲ್ಲಿ ಭಾಗಾಕಾರವನ್ನೇ ಕೈಬಿಟ್ಟು "ಪಲ್ಸ್ ಸಂಖ್ಯೆ ಸಿಸ್ಟಾಲಿಕ್‌ಗಿಂತ ಹೆಚ್ಚು" ಎಂದು ಬರೆದಿದ್ದಾರೆ. ಅಂದರೆ ಇಂಡೆಕ್ಸ್ 1ಕ್ಕಿಂತ ಮೇಲೆ. ಓಡುವ ಆಂಬ್ಯುಲೆನ್ಸ್‌ನಲ್ಲಿ ಇದಕ್ಕಿಂತ ಸರಳವಾದದ್ದು ಇಲ್ಲ. ಅದೇ ಮಾರ್ಗಸೂಚಿ 65 ದಾಟಿದವರಿಗೆ ಸಿಸ್ಟಾಲಿಕ್ ಗಡಿಯನ್ನು 90ರಿಂದ 110ಕ್ಕೆ ಏರಿಸಿದೆ. ನಿಮ್ಮ ಹಾಳೆಗೆ ಆ ಒಂದು ಸಂಖ್ಯೆ ಖಂಡಿತ ಬೇಕು.

ಎಮ್‌ಡಿ_ಮೆಡಿಸಿನ್_ರಾಯಚೂರು
ಗಡಿ 1 ಇಟ್ಟರೆ ಖಚಿತವಾಗಿ ಕೆಟ್ಟಿರುವವರು ಸಿಗುತ್ತಾರೆ, ಕೆಡುತ್ತಿರುವವರು ಸಿಗುವುದಿಲ್ಲ. ಕೇಳಿದ್ದು "ಬೇಗ" ಗೊತ್ತಾಗಬೇಕೆಂದು. ಆಲ್ಗೋವರ್ ಮತ್ತು ಬುರಿ 1967ರಲ್ಲಿ ಈ ಸೂಚ್ಯಂಕ ಮುಂದಿಟ್ಟರು. ಆರೋಗ್ಯವಂತ ವಯಸ್ಕರಲ್ಲಿ ಅದು 0.5ರಿಂದ 0.7. ಪಲ್ಸ್ 104, ಬಿಪಿ 112 ಇದ್ದರೆ 0.93. ಬಿಡಿಬಿಡಿಯಾಗಿ ನೋಡಿದರೆ ಎರಡೂ ಸಂಖ್ಯೆ ಯಾರನ್ನೂ ಎಚ್ಚರಿಸುವುದಿಲ್ಲ. ಅದಕ್ಕೇ ಈ ಭಾಗಾಕಾರ ಹುಟ್ಟಿದ್ದು.

ನನ್ನ ಸಲಹೆ ಎರಡು ಮೆಟ್ಟಿಲು. 0.9 ಬಂದರೆ ಕೈಕಾಲು ಮುಟ್ಟಿ ನೋಡಿ, ಉಸಿರು ಎಣಿಸಿ, 15 ನಿಮಿಷಕ್ಕೆ ಮತ್ತೆ ಅಳೆಯಿರಿ. 1 ಮುಟ್ಟಿದರೆ ಡಾಕ್ಟರ್ ಹಾಸಿಗೆಯ ಪಕ್ಕಕ್ಕೆ ಬರಬೇಕು. 0.7ರ ಗಡಿ ಎಮರ್ಜೆನ್ಸಿಯಲ್ಲಿ ನಡೆಯುವುದಿಲ್ಲ. ಜ್ವರ, ನೋವು, ಹೆದರಿಕೆ, ಮೆಟ್ಟಿಲು ಹತ್ತಿ ಬಂದದ್ದು, ಸಾಲ್ಬುಟಮಾಲ್ ನೆಬ್ಯುಲೈಸೇಶನ್, ಎಲ್ಲವೂ ಅದನ್ನು ದಾಟಿಸುತ್ತವೆ. ಅರ್ಧ ಕ್ಯೂ ಕೆಂಪಾದರೆ ಎರಡನೇ ವಾರಕ್ಕೆ ಹಾಳೆಯನ್ನು ಯಾರೂ ನೋಡುವುದಿಲ್ಲ.

ಐಸಿಯು_ಸಿಸ್ಟರ್
ಸರ್, ಇಂಡೆಕ್ಸ್ ಬಗ್ಗೆ ಇಷ್ಟು ಚರ್ಚೆ ಸರಿ. ಆದರೆ ಹಾಳೆಯಲ್ಲಿ ಅತಿ ಹೆಚ್ಚು ಸುಳ್ಳು ಬರೆಯುವ ಕಾಲಂ ಉಸಿರಿನದು. ಯಾವ ವಾರ್ಡಿನ ಚಾರ್ಟ್ ತೆಗೆದರೂ 18, 20, 18, 20. ಯಾರೂ ಎಣಿಸಿರುವುದಿಲ್ಲ. ಶಾಕ್‌ನಲ್ಲಿ ಅಂಗಾಂಶಕ್ಕೆ ಆಮ್ಲಜನಕ ಸಾಲದೆ ಆಮ್ಲ ಜಮೆಯಾಗುತ್ತದೆ. ಅದನ್ನು ಕಾರ್ಬನ್ ಡೈಆಕ್ಸೈಡ್ ರೂಪದಲ್ಲಿ ಹೊರಹಾಕಲು ಉಸಿರು ಏರುತ್ತದೆ. ಲ್ಯಾಕ್ಟೇಟ್ ಇಲ್ಲದ ಕಡೆ ಲ್ಯಾಕ್ಟೇಟ್‌ನ ಸುಳಿವು ಕೊಡುವುದು ಇದೊಂದೇ. ಎದೆ ಸ್ವಚ್ಛ, ಎಸ್‌ಪಿಒ2 (ಆಕ್ಸಿಮೀಟರ್ ತೋರಿಸುವ ಆಮ್ಲಜನಕದ ಮಟ್ಟ) 98, ಉಸಿರು 28 ಅಂದರೆ ತೊಂದರೆ ಬಹುಶಃ ಶ್ವಾಸಕೋಶದ್ದಲ್ಲ. ಮೊದಲು ಸಕ್ಕರೆ ನೋಡಿ, ಡಯಾಬಿಟಿಕ್ ಕೀಟೋಅಸಿಡೋಸಿಸ್ (ಸಕ್ಕರೆ ಕಾಯಿಲೆಯಲ್ಲಿ ರಕ್ತದಲ್ಲಿ ಆಮ್ಲ ಏರುವುದು) ಹೌದೋ ಅಲ್ಲವೋ ತೀರ್ಮಾನಿಸಿ. ಅದಲ್ಲದಿದ್ದರೆ ಶಾಕ್ ಹುಡುಕಿ.

ಎಣಿಸುವ ಕ್ರಮ: ನಾಡಿ ಹಿಡಿದ ಕೈಯನ್ನು ಬಿಡದೆ ರೋಗಿಯ ಹೊಟ್ಟೆಯ ಮೇಲಿಟ್ಟುಕೊಳ್ಳಿ, ನಾಡಿ ನೋಡುತ್ತಿರುವಂತೆಯೇ ಇರಿ, ಪೂರ್ತಿ 60 ಸೆಕೆಂಡ್ ಎಣಿಸಿ. ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ಉಸಿರಾಟ ಬದಲಾಗುತ್ತದೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರಿನ ವ್ಯತ್ಯಾಸ ನಾಲ್ಕಾಗುತ್ತದೆ. 20 ಮತ್ತು 24ರ ನಡುವಿನ ವ್ಯತ್ಯಾಸವೇ ನಮಗೆ ಬೇಕಾದದ್ದು. ಮಾನಿಟರ್ ತೋರಿಸುವ ಸಂಖ್ಯೆಯನ್ನು ನಕಲು ಮಾಡಬೇಡಿ. ಅದು ಇಸಿಜಿ ಎಲೆಕ್ಟ್ರೋಡ್‌ಗಳ ನಡುವೆ ಎದೆಯ ಚಲನೆ ನೋಡುತ್ತದೆ, ನಡುಕ ಮತ್ತು ಹೊರಳಾಟವನ್ನೂ ಎಣಿಸಿಬಿಡುತ್ತದೆ.

ಎಸ್‌ಪಿಒ2 ಶಾಕ್ ಹೇಳುವುದಿಲ್ಲ, ಆದರೆ ಪ್ರೋಬ್ ಹೇಳುತ್ತದೆ. ಬೆರಳು ತಣ್ಣಗಾಗಿ ಅಲೆ ಚಪ್ಪಟೆಯಾಗಿ, ಸಂಖ್ಯೆ ಬಂದು ಹೋಗಿ ಮಾಡುತ್ತಿದ್ದರೆ "ಪ್ರೋಬ್ ಕೆಟ್ಟಿದೆ" ಎಂದು ಬದಲಿಸುವ ಮುನ್ನ ನಿಮ್ಮ ಬೆರಳಿಗೆ ಹಾಕಿ ನೋಡಿ. ನಿಮಗೆ ಸರಿಯಾಗಿ ತೋರಿಸಿದರೆ ಕೆಟ್ಟಿರುವುದು ಪ್ರೋಬ್ ಅಲ್ಲ.

ಅರಿವಳಿಕೆ_ಮೇಷ್ಟ್ರು
ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು. ಅದಕ್ಕೇ ಬಿಪಿ ಮೆಷಿನ್ ಬಗ್ಗೆಯೂ ಹೇಳಿಬಿಡುತ್ತೇನೆ. ಡಿಜಿಟಲ್ ಮೆಷಿನ್ ಕಫ್‌ನೊಳಗಿನ ಕಂಪನ ನೋಡಿ ಸರಾಸರಿ ಒತ್ತಡವನ್ನು ಗುರುತಿಸುತ್ತದೆ. ಸಿಸ್ಟಾಲಿಕ್, ಡಯಾಸ್ಟಾಲಿಕ್ ಎರಡೂ ಕಂಪನಿಯ ಸೂತ್ರದಿಂದ ಬಂದವು. ಒತ್ತಡ ಬಹಳ ಇಳಿದಾಗ ಸಿಸ್ಟಾಲಿಕ್ ಇದ್ದದ್ದಕ್ಕಿಂತ ಹೆಚ್ಚು ತೋರಿಸುವ ಅಭ್ಯಾಸ ಅದಕ್ಕಿದೆ. ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಲಯ ತಪ್ಪಿದ ಬಡಿತ) ಇದ್ದರೆ ಮೂರು ಸಲ ಅಳೆದರೆ ಮೂರು ಉತ್ತರ. ಮೆಷಿನ್ ಎರಡು ಸಲ ಗಾಳಿ ತುಂಬಿ "ಎರರ್" ಕೊಟ್ಟಿತೆಂದರೆ ಮೂರನೇ ಸಲ ಒತ್ತಬೇಡಿ, ಕೈ ಉಪಕರಣ ತನ್ನಿ. ಮಣಿಕಟ್ಟಿನ ನಾಡಿ ಹಿಡಿದು ಕಫ್ ಏರಿಸಿ, ನಿಧಾನವಾಗಿ ಇಳಿಸಿ, ನಾಡಿ ಮರಳಿ ಸಿಕ್ಕ ಅಂಕಿಯೇ ಸಿಸ್ಟಾಲಿಕ್. ಸ್ಟೆತಸ್ಕೋಪ್ ಬೇಡ, ಗಲಾಟೆಯಲ್ಲೂ ನಡೆಯುತ್ತದೆ. ಇದರಲ್ಲಿ ಡಯಾಸ್ಟಾಲಿಕ್ ಸಿಗುವುದಿಲ್ಲ, ಅದು ನೆನಪಿರಲಿ.

ಕಫ್‌ನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಶೇ. 40, ಉದ್ದ ಶೇ. 80 ಇರಬೇಕು. ದಪ್ಪ ತೋಳಿಗೆ ಚಿಕ್ಕ ಕಫ್ ಹಾಕಿದರೆ ಸುಳ್ಳು ಹೆಚ್ಚಳ, ಶಾಕ್ ಮುಚ್ಚಿಹೋಗುತ್ತದೆ. ಸಣಕಲು ತೋಳಿಗೆ ದೊಡ್ಡದು ಹಾಕಿದರೆ ಉಲ್ಟಾ.

ಮಲೆನಾಡು_ಪಿಎಚ್‌ಸಿ
ಮಳೆಗಾಲದ ಡೆಂಗಿ ಬಗ್ಗೆ ಯಾರೂ ಎತ್ತಿಲ್ಲ. ಪಲ್ಸ್ ಪ್ರೆಷರ್ ಕಳೆಯುವ ಚೌಕ ಅತಿ ಹೆಚ್ಚು ಕೆಲಸಕ್ಕೆ ಬರುವುದು ಅಲ್ಲಿಯೇ.

ಡೆಂಗಿಯಲ್ಲಿ ರಕ್ತ ಹೊರಗೆ ಹೋಗುವುದು ಆಮೇಲಿನ ಮಾತು, ಮೊದಲು ಪ್ಲಾಸ್ಮಾ ನಾಳದಿಂದ ಸೋರುತ್ತದೆ. ಅದೂ ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ. ಮನೆಯವರು ಜ್ವರ ಬಿಟ್ಟಿತು ಎಂದು ನಿಟ್ಟುಸಿರು ಬಿಡುವ ದಿನವೇ ಅಪಾಯದ ದಿನ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಡೆಂಗಿ ಮಾರ್ಗಸೂಚಿಯಲ್ಲಿ ಪಲ್ಸ್ ಪ್ರೆಷರ್ 20 ಅಥವಾ ಅದಕ್ಕಿಂತ ಕಡಿಮೆ ಇದ್ದು ಕೈಕಾಲು ತಣ್ಣಗಿದ್ದರೆ ಸಿಸ್ಟಾಲಿಕ್ ಎಷ್ಟೇ ಇರಲಿ ಅದು ಶಾಕ್. 100/84 ಇರುವ ಹುಡುಗ ಕುಳಿತು ಮಾತಾಡುತ್ತಿರುತ್ತಾನೆ. ಪ್ರಜ್ಞೆ ಕೊನೆಯವರೆಗೂ ಸರಿ ಇರುವುದೇ ಡೆಂಗಿಯ ಮೋಸ. ಸಿಸ್ಟಾಲಿಕ್ ಬೀಳುವಾಗ ಒಮ್ಮೆಲೇ ಬೀಳುತ್ತದೆ.

ಇಲ್ಲಿ ಎಲ್ಲರ ಕಣ್ಣೂ ಪ್ಲೇಟ್‌ಲೆಟ್ ಮೇಲೆ. ಪ್ಲೇಟ್‌ಲೆಟ್ 40 ಸಾವಿರ ಇದ್ದು ಪಲ್ಸ್ 84, ಬಿಪಿ 118/74, ಕೈ ಬೆಚ್ಚಗಿರುವವರಿಗಿಂತ ಪ್ಲೇಟ್‌ಲೆಟ್ 90 ಸಾವಿರ ಇದ್ದು 104/86 ಇರುವವರ ಬಗ್ಗೆ ಹೆಚ್ಚು ಚಿಂತೆ ಮಾಡಬೇಕು. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಏರುತ್ತಿದೆಯೇ ನೋಡಿ. ಹೊಟ್ಟೆನೋವು, ನಿಲ್ಲದ ವಾಂತಿ, ಚಡಪಡಿಕೆ, ಮೂತ್ರ ಕಡಿಮೆ ಇವನ್ನು ಕೇಳಿ.

ಬಿಪಿ ಇನ್ನೂ ನಿಂತಿರುವ ವಯಸ್ಕರ ಶಾಕ್‌ಗೆ ನಾರ್ಮಲ್ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್ ಗಂಟೆಗೆ ಕೆ.ಜಿ.ಗೆ 5ರಿಂದ 10 ಮಿ.ಲೀ.ನಂತೆ ಮೊದಲ ಒಂದು ಗಂಟೆ, ಆಮೇಲೆ ನೋಡಿಕೊಂಡು ಇಳಿಸುವುದು. ಬಿಪಿ ಬಿದ್ದೇಹೋಗಿದ್ದರೆ ಕೆ.ಜಿ.ಗೆ 20 ಮಿ.ಲೀ., 15 ನಿಮಿಷದಲ್ಲಿ. ಶಾಕ್‌ನಿಂದ ಹೊರಬರುವವರೆಗೆ 15ರಿಂದ 30 ನಿಮಿಷಕ್ಕೊಮ್ಮೆ ವೈಟಲ್ಸ್. ಸೋರಿದ ನೀರು ಆಮೇಲೆ ನಾಳಕ್ಕೆ ವಾಪಸ್ ಬರುತ್ತದೆ, ಆಗಲೂ ಡ್ರಿಪ್ ಓಡುತ್ತಿದ್ದರೆ ಶ್ವಾಸಕೋಶ ತುಂಬುತ್ತದೆ.

ಕ್ಯಾಶುವಾಲ್ಟಿ_ಡ್ಯೂಟಿ
ತುಂಬಾ ಉಪಯೋಗವಾಯಿತು. ಎರಡನೇ ಪ್ರಶ್ನೆ ಇನ್ನೂ ಬಾಕಿ: ಪಲ್ಸ್ ಏರದವರು?

ಎಮ್‌ಡಿ_ಮೆಡಿಸಿನ್_ರಾಯಚೂರು
ಈ ಗುಂಪು ದೊಡ್ಡದು. ಮೊದಲನೆಯದು ಪಲ್ಸ್ ಏರಲು ಬಿಡದ ಮಾತ್ರೆ (ಬೀಟಾ ಬ್ಲಾಕರ್ ಮುಂತಾದವು): ಮೆಟೊಪ್ರೊಲಾಲ್, ಅಟೆನೊಲಾಲ್, ಪ್ರೊಪ್ರಾನೊಲಾಲ್, ಡಿಲ್ಟಿಯಾಜೆಮ್, ವೆರಾಪಮಿಲ್. ಗ್ಲಾಕೋಮಾಗೆ ಹಾಕುವ ಟಿಮೊಲಾಲ್ ಕಣ್ಣಿನ ಹನಿಯೂ ಸಾಕು. "ಬಿಪಿ ಮಾತ್ರೆ ಇದೆಯಾ" ಎಂದರೆ ಹೌದು ಅನ್ನುತ್ತಾರೆ, ಹೆಸರು ಹೇಳುವುದಿಲ್ಲ. ಸ್ಟ್ರಿಪ್ ತರಿಸಿ. ಇಂಥವರಲ್ಲಿ ಪಲ್ಸ್ 82 ಎಂದರೆ ಏನೂ ಹೇಳಿದಂತಲ್ಲ, ಶಾಕ್ ಇಂಡೆಕ್ಸ್ ಲೆಕ್ಕಕ್ಕೇ ಬರುವುದಿಲ್ಲ. ದಿನಾ ಸಿಸ್ಟಾಲಿಕ್ 160 ಇರುವ ಅಜ್ಜನಿಗೆ 112 ಎಂದರೆ ಅದು ಆಗಲೇ ಕುಸಿತ.

ಎರಡನೆಯದು ಹೊಟ್ಟೆಯೊಳಗಿನ ರಕ್ತಸ್ರಾವ. ಎಕ್ಟೋಪಿಕ್ (ಗರ್ಭಕೋಶದ ಹೊರಗೆ ನಿಂತ ಗರ್ಭ) ಒಡೆದ ಯುವತಿಯರಲ್ಲಿ ಪಲ್ಸ್ 100ರ ಒಳಗೇ ಇರುವುದು, ಕೆಲವೊಮ್ಮೆ ಇಳಿಯುವುದು ಅಪರೂಪವಲ್ಲ. ಹೆರುವ ವಯಸ್ಸಿನ ಹೆಣ್ಣುಮಗಳು, ಹೊಟ್ಟೆನೋವು, ಒಮ್ಮೆ ತಲೆಸುತ್ತಿ ಬಿದ್ದಿದ್ದಾಳೆ ಎಂದರೆ ಪಲ್ಸ್ ನೋಡಿ ಸಮಾಧಾನಪಡಬೇಡಿ, ಮೂತ್ರದ ಪ್ರೆಗ್ನೆನ್ಸಿ ಟೆಸ್ಟ್ ಮಾಡಿ. ಆ ಕ್ಷಣದ ಹಿಮೋಗ್ಲೋಬಿನ್ ಕೂಡ ನೆಚ್ಚಬೇಡಿ. ಹೊರಗಿನ ದ್ರವ ನಾಳಕ್ಕೆ ಸೇರಿ ರಕ್ತ ತೆಳುವಾಗುವವರೆಗೆ ಅದು ಹಳೆಯ ಸಂಖ್ಯೆಯನ್ನೇ ತೋರಿಸುತ್ತದೆ.

ಇನ್ನು ಕತ್ತಿನ ಬೆನ್ನುಹುರಿಗೆ ಪೆಟ್ಟು: ಬಿಪಿ ಕಡಿಮೆ, ಪಲ್ಸ್ ನಿಧಾನ, ಕೈಕಾಲು ಬೆಚ್ಚಗೆ. ಕೆಳಭಾಗದ ಹೃದಯಾಘಾತದಲ್ಲೂ ಪಲ್ಸ್ ನಿಧಾನ, ಜೊತೆಗೆ ಬಲ ಹೃತ್ಕುಕ್ಷಿ ಸೇರಿದ್ದರೆ ನೈಟ್ರೇಟ್ ಕೊಟ್ಟ ಕೂಡಲೇ ಬಿಪಿ ಪಾತಾಳಕ್ಕೆ. ಪೇಸ್‌ಮೇಕರ್ ಇರುವವರು. ಕೀಟನಾಶಕ ಕುಡಿದವರು, ಇಲ್ಲಿ ಪಲ್ಸ್‌ಗೆ ವಿಷದ್ದೇ ಲೆಕ್ಕ.

ಐಸಿಯು_ಸಿಸ್ಟರ್
ಇವರೆಲ್ಲರಲ್ಲೂ ಕೆಲಸಕ್ಕೆ ಬರುವುದು ಚರ್ಮ. ಕ್ಯಾಪಿಲರಿ ರೀಫಿಲ್ (ಒತ್ತಿ ಬಿಟ್ಟ ಚರ್ಮಕ್ಕೆ ಬಣ್ಣ ಮರಳುವ ಸಮಯ) ನೋಡುವುದರಲ್ಲಿ ಒಬ್ಬೊಬ್ಬರದು ಒಂದೊಂದು ಪದ್ಧತಿ, ಅದಕ್ಕೇ ಸಂಖ್ಯೆ ಹೊಂದುವುದಿಲ್ಲ. ಆಂಡ್ರೊಮಿಡಾ-ಶಾಕ್ ಅಧ್ಯಯನದಲ್ಲಿ (2019) ಬಳಸಿದ ಪದ್ಧತಿ ಸ್ಪಷ್ಟ: ಬಲಗೈ ತೋರುಬೆರಳ ತುದಿಯ ಒಳಭಾಗಕ್ಕೆ ಗಾಜಿನ ಸ್ಲೈಡ್ ಒತ್ತಿ, ಬಿಳಿಚಿದ ಮೇಲೆ 10 ಸೆಕೆಂಡ್ ಹಿಡಿದು ಬಿಡುವುದು, 3 ಸೆಕೆಂಡ್ ದಾಟಿದರೆ ಅಸಹಜ. ಸ್ಲೈಡ್ ಲ್ಯಾಬ್‌ನಲ್ಲಿ ಸಿಗುತ್ತದೆ, ಇಲ್ಲದಿದ್ದರೆ ಬೆರಳಿನಿಂದಲೇ ಒತ್ತಿ, ಆದರೆ ಎಲ್ಲ ಸಲವೂ ಅಷ್ಟೇ ಹೊತ್ತು. ಕೈಯನ್ನು ಹೃದಯದ ಮಟ್ಟದಲ್ಲಿಡಿ. ಎಸಿ ಕೋಣೆ, ಮಳೆಯಲ್ಲಿ ನೆನೆದು ಬಂದವರು, ಮಂದ ಬೆಳಕು, ಇವು ಮೂರೂ ತಪ್ಪು ಉತ್ತರ ಕೊಡುತ್ತವೆ. ಆಗ ಮೊಣಕಾಲು ನೋಡಿ: ಮಂಡಿಚಿಪ್ಪಿನ ಸುತ್ತ ನೇರಳೆ ಬಲೆಯಂಥ ಕಲೆ ಇದ್ದರೆ ಅದನ್ನು ಬರೀ ಚಳಿ ಎಂದು ತಳ್ಳಿಹಾಕಬೇಡಿ. ಕಪ್ಪು ಚರ್ಮದಲ್ಲಿ ಈ ಕಲೆ ಸುಲಭಕ್ಕೆ ಕಾಣುವುದಿಲ್ಲ, ನಿಮ್ಮ ಹಿಂಗೈಯಿಂದ ರೋಗಿಯ ಕಾಲನ್ನು ಪಾದದಿಂದ ಮಂಡಿಯವರೆಗೆ ಮುಟ್ಟುತ್ತ ಬಂದು ತಂಪು ಎಲ್ಲಿಗೆ ನಿಲ್ಲುತ್ತದೆ ಎಂದು ಬರೆಯಿರಿ.

ಎಮ್‌ಡಿ_ಮೆಡಿಸಿನ್_ರಾಯಚೂರು
ಒಂದು ತಿದ್ದುಪಡಿ ಸೇರಿಸಲೇಬೇಕು ಸಿಸ್ಟರ್. ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಕೆಡುವುದು) ಶುರುವಿನಲ್ಲಿ ಮತ್ತು ತೀವ್ರ ಅಲರ್ಜಿಯಾದ ಅನಾಫಿಲ್ಯಾಕ್ಸಿಸ್‌ನಲ್ಲಿ ಕೈ ಬೆಚ್ಚಗೇ ಇರುತ್ತದೆ, ಪಲ್ಸ್ ಪ್ರೆಷರ್ ಕಿರಿದಾಗುವ ಬದಲು ಅಗಲವಾಗುತ್ತದೆ. 104/42, ಪಲ್ಸ್ 118. ಇಲ್ಲಿ ಮಾತಾಡುತ್ತಿರುವುದು ಡಯಾಸ್ಟಾಲಿಕ್: ನಾಳ ಸಡಿಲವಾಗಿದೆ. ಪಲ್ಸ್ ಪ್ರೆಷರ್ ಚೌಕದಲ್ಲಿ 62 ನೋಡಿ ಖುಷಿಪಡುವ ಹಾಗಿಲ್ಲ. ಹಾವಿನ ಕಡಿತಕ್ಕೆ ಎಎಸ್‌ವಿ (ಹಾವಿನ ವಿಷಕ್ಕೆ ಪ್ರತಿವಿಷ) ಓಡುತ್ತಿರುವಾಗ ಈ ಚಿತ್ರ ಕಂಡರೆ ಡ್ರಿಪ್ ನಿಲ್ಲಿಸಿ, ವಯಸ್ಕರಿಗೆ 1:1000 ಅಡ್ರಿನಾಲಿನ್ 0.5 ಮಿ.ಲೀ. ತೊಡೆಯ ಹೊರಭಾಗದ ಸ್ನಾಯುವಿಗೆ. ಸಿಸ್ಟಾಲಿಕ್ 90 ಆಗಲಿ ಎಂದು ಕಾಯುವ ಪ್ರಶ್ನೆಯೇ ಇಲ್ಲ. ವಯಸ್ಸಾದವರ ಸೆಪ್ಸಿಸ್‌ನಲ್ಲಿ ಜ್ವರ ಇರಲೇಬೇಕೆಂದಿಲ್ಲ, 36ಕ್ಕಿಂತ ಕೆಳಗಿನ ತಾಪಮಾನ ಇನ್ನೂ ಕೆಟ್ಟದ್ದು.

ಹೆರಿಗೆ_ಕೋಣೆ
ಗರ್ಭಿಣಿ, ಬಾಣಂತಿಯರಿಗೆ ಬೇರೆ ಸಾಲು ಬೇಕು. ತುಂಬು ಗರ್ಭದಲ್ಲಿ ರಕ್ತದ ಪ್ರಮಾಣವೇ ಶೇ. 40ರಿಂದ 50 ಹೆಚ್ಚಿರುವುದರಿಂದ ಬಹಳಷ್ಟು ಹೋದರೂ ವೈಟಲ್ಸ್ ತೋರಿಸಿಕೊಡುವುದಿಲ್ಲ. ಶಾಕ್ ಇಂಡೆಕ್ಸ್ 0.9ರವರೆಗೆ ಇವರಲ್ಲಿ ಸಹಜ, ಅದನ್ನು ಮುಟ್ಟಿದರೆ ಎಚ್ಚರ. ಇದೇ ಲೆಕ್ಕದ ಮೇಲೆ ನಡೆಯುವ ಕ್ರೇಡಲ್ ಬಿಪಿ ಉಪಕರಣ 0.9ಕ್ಕೆ ಹಳದಿ, 1.7ಕ್ಕೆ ಕೆಂಪು ದೀಪ ಹೊತ್ತಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ಮಾರ್ಗಸೂಚಿ ಸಹಜ ಹೆರಿಗೆಯ ನಂತರ 500 ಮಿ.ಲೀ.ಗೆ ಕಾಯಬೇಡಿ ಎನ್ನುತ್ತದೆ: 300 ಮಿ.ಲೀ. ಹೋಗಿದ್ದು, ಅದರ ಜೊತೆಗೆ ಪಲ್ಸ್ 100ರ ಮೇಲೆ, ಇಂಡೆಕ್ಸ್ 1ರ ಮೇಲೆ, ಸಿಸ್ಟಾಲಿಕ್ 100ರ ಕೆಳಗೆ ಅಥವಾ ಡಯಾಸ್ಟಾಲಿಕ್ 60ರ ಕೆಳಗೆ ಇವುಗಳಲ್ಲಿ ಒಂದಿದ್ದರೂ ಚಿಕಿತ್ಸೆ ಶುರು. ಅಳೆಯುವಾಗ ಗರ್ಭಿಣಿಯನ್ನು ಅಂಗಾತ ಮಲಗಿಸಬೇಡಿ, ಎಡಕ್ಕೆ ವಾಲಿಸಿ.

ಮಕ್ಕಳ_ವಾರ್ಡ್
ಮಕ್ಕಳಲ್ಲಿ ಬಿಪಿ ಬಿದ್ದ ಮೇಲೆ ಉಳಿದಿರುವ ಸಮಯ ನಿಮಿಷಗಳದ್ದು. 1ರಿಂದ 10 ವರ್ಷದವರಿಗೆ ಕನಿಷ್ಠ ಸಿಸ್ಟಾಲಿಕ್ = 70 + ವಯಸ್ಸಿನ ಎರಡರಷ್ಟು. 5 ವರ್ಷಕ್ಕೆ 80. ಇದು ಅಪಾಯದ ತಳ, ಗುರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಇಟ್ಯಾಟ್ (ಮಕ್ಕಳ ತುರ್ತು ಟ್ರಯಾಜ್) ಪದ್ಧತಿಗೆ ಬಿಪಿಯೇ ಬೇಡ: ತಣ್ಣನೆ ಕೈ, ರೀಫಿಲ್ 3 ಸೆಕೆಂಡ್‌ಗಿಂತ ಹೆಚ್ಚು, ನಾಡಿ ದುರ್ಬಲ ಮತ್ತು ವೇಗ, ಮೂರೂ ಇದ್ದರೆ ಶಾಕ್. ವಯಸ್ಕರ ಶಾಕ್ ಇಂಡೆಕ್ಸ್ ಗಡಿ ಮಕ್ಕಳಿಗೆ ಹಾಕಬೇಡಿ. ಗಾಯಾಳು ಮಕ್ಕಳಿಗೆ ಇರುವ ಗಡಿ 4–6 ವರ್ಷಕ್ಕೆ 1.22, 7–12ಕ್ಕೆ 1.0, 13–16ಕ್ಕೆ 0.9. ಅಳುವ ಮಗುವಿನ ಪಲ್ಸ್ ಬರೆಯಬೇಡಿ, ಎತ್ತಿಕೊಂಡು ಸುಮ್ಮನಾದ ಮೇಲೆ ಎಣಿಸಿ. ಸುಮ್ಮನಾದರೂ ಇಳಿಯದಿದ್ದರೆ ಅದೇ ಸುದ್ದಿ.

ಶಾಕ್ ಎಂದ ಕೂಡಲೇ ಎಲ್ಲ ಮಗುವಿಗೂ ಬೋಲಸ್ (ಒಮ್ಮೆಲೇ ವೇಗವಾಗಿ ಕೊಡುವ ಡ್ರಿಪ್) ಸುರಿಯುವುದೂ ಸರಿಯಲ್ಲ. ಆಫ್ರಿಕಾದ ಫೀಸ್ಟ್ ಅಧ್ಯಯನದಲ್ಲಿ (2011) ಜ್ವರದಿಂದ ಬಳಲುವ ಮಕ್ಕಳಿಗೆ ಬೋಲಸ್ ಕೊಟ್ಟ ಗುಂಪಿನಲ್ಲೇ ಸಾವು ಹೆಚ್ಚಿತ್ತು. ತೀವ್ರ ರಕ್ತಹೀನತೆ, ಅಪೌಷ್ಟಿಕತೆ ಇದೆಯೇ ಎಂದು ಮೊದಲು ನೋಡಿ.

ಕ್ವಾಲಿಟಿ_ಸೆಲ್
ಇಷ್ಟೆಲ್ಲ ಕೈಯಲ್ಲಿ ಬರೆಯುವ ಬದಲು ನ್ಯೂಸ್2 (ಒಂದೊಂದು ವೈಟಲ್‌ಗೂ ಅಂಕ ಕೊಟ್ಟು ಕೂಡುವ) ಸ್ಕೋರ್ ಹಾಕಬಾರದೇ? ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಕೊಟ್ಟದ್ದು. ಒಟ್ಟು 5 ಬಂದರೆ ತುರ್ತು, 7 ಬಂದರೆ ಅತಿ ತುರ್ತು.

ಅರಿವಳಿಕೆ_ಮೇಷ್ಟ್ರು
ವಾರ್ಡಿಗೆ ಒಳ್ಳೆಯದು. ಶಾಕ್‌ಗೆ ಅದರಲ್ಲಿ ತೂತಿದೆ. ಮೇಲಿನ ಡೆಂಗಿ ಹುಡುಗನನ್ನೇ ತಗೊಳ್ಳಿ: ಪಲ್ಸ್ 108ಕ್ಕೆ 1, ಸಿಸ್ಟಾಲಿಕ್ 100ಕ್ಕೆ 2, ಉಸಿರು 20ಕ್ಕೆ 0, ಜ್ವರ ಇಲ್ಲ, ಪ್ರಜ್ಞೆ ಸರಿ. ಒಟ್ಟು 3. ಡಯಾಸ್ಟಾಲಿಕ್‌ಗೆ ನ್ಯೂಸ್2ನಲ್ಲಿ ಜಾಗವೇ ಇಲ್ಲ, ಚರ್ಮಕ್ಕೂ ಇಲ್ಲ. ಅಲ್ಲದೆ ಅದು 16 ವರ್ಷದೊಳಗಿನವರಿಗೂ ಗರ್ಭಿಣಿಯರಿಗೂ ಮಾಡಿದ್ದಲ್ಲ. ಬೇಕಿದ್ದರೆ ಎರಡನ್ನೂ ಇಡಿ, ಒಂದರ ಬದಲು ಇನ್ನೊಂದು ಬೇಡ.

ಕ್ಯಾಶುವಾಲ್ಟಿ_ಡ್ಯೂಟಿ
ಕರಡು ಹೀಗಿದೆ. ಮೇಲೆ ಗಂಟೆ-ನಿಮಿಷ, ಪಲ್ಸ್, ಬಿಪಿ, ಪಲ್ಸ್ ಪ್ರೆಷರ್, ಉಸಿರು (60 ಸೆಕೆಂಡ್), ತಾಪಮಾನ, ರೀಫಿಲ್, ತಂಪು ಎಲ್ಲಿಯವರೆಗೆ, ಪ್ರಜ್ಞೆ, ಸಕ್ಕರೆ. ಪಕ್ಕದಲ್ಲಿ ಮೂರು ಗುರುತು: ಬೀಟಾ ಬ್ಲಾಕರ್, 65 ದಾಟಿದವರು, ಗರ್ಭಿಣಿ/ಬಾಣಂತಿ. ಡಾಕ್ಟರನ್ನು ಕರೆಯಲು: ಪಲ್ಸ್ ಸಿಸ್ಟಾಲಿಕ್‌ಗಿಂತ ಹೆಚ್ಚು, ಅಥವಾ ಪಲ್ಸ್ ಪ್ರೆಷರ್ ಸಿಸ್ಟಾಲಿಕ್‌ನ ಕಾಲು ಭಾಗಕ್ಕಿಂತ ಕಡಿಮೆ, ಅಥವಾ ಡಯಾಸ್ಟಾಲಿಕ್ 50ಕ್ಕಿಂತ ಕಡಿಮೆ, ಅಥವಾ ಉಸಿರು 25 ಮತ್ತು ಮೇಲೆ, ಅಥವಾ ರೀಫಿಲ್ 3 ಸೆಕೆಂಡ್ ದಾಟಿದೆ, ಅಥವಾ ಸಿಸ್ಟಾಲಿಕ್ 90ರ, 65 ದಾಟಿದವರಿಗೆ 110ರ ಕೆಳಗೆ. ಇಂಡೆಕ್ಸ್ 0.9ರಿಂದ 1ರ ನಡುವೆ ಇದ್ದರೆ 15 ನಿಮಿಷಕ್ಕೆ ಮರು ಅಳತೆ. ಮಕ್ಕಳದು ಹಾಳೆಯ ಹಿಂಬದಿಗೆ.

ಐಸಿಯು_ಸಿಸ್ಟರ್
ಮರು ಅಳತೆಗೆ ನಾಲ್ಕು ಕಾಲಂ ಪಕ್ಕಪಕ್ಕದಲ್ಲೇ ಇರಲಿ. ಬೇರೆ ಪುಟದಲ್ಲಿದ್ದರೆ 96, 104, 112 ಎಂದು ಪಲ್ಸ್ ಏರುತ್ತಿರುವುದು ಕಣ್ಣಿಗೆ ಬೀಳುವುದಿಲ್ಲ. ಮೂತ್ರಕ್ಕೂ ಒಂದು ಸಾಲು ಹಾಕಿ, ಗಂಟೆಗೆ ಕೆ.ಜಿ.ಗೆ 0.5 ಮಿ.ಲೀ., 60 ಕೆ.ಜಿ.ಯವರಿಗೆ 30. ಸಕ್ಕರೆ ವಿಪರೀತ ಇರುವವರಲ್ಲಿ ಶಾಕ್ ಇದ್ದರೂ ಮೂತ್ರ ಹೋಗುತ್ತಲೇ ಇರುತ್ತದೆ, ಅವರಿಗೆ ಈ ಸಾಲು ಅನ್ವಯಿಸದು.

108_ಇಎಂಟಿ
ರೆಫರ್ ಮಾಡುವಾಗಿನ ಒಂದು ಮಾತು. ಗಾಯಾಳುವಿಗೆ 250 ಮಿ.ಲೀ. ಕೊಟ್ಟಾಗ ಪಲ್ಸ್ 124ರಿಂದ 102ಕ್ಕೆ ಇಳಿದು, ಹತ್ತು ನಿಮಿಷದಲ್ಲಿ ಮತ್ತೆ 120 ಆದರೆ ಒಳಗೆ ರಕ್ತ ನಿಂತಿಲ್ಲ. 102 ನೋಡಿ "ಸುಧಾರಿಸಿದೆ" ಎಂದು ಕರೆ ಮುಂದೂಡಬೇಡಿ, ಡ್ರಿಪ್ ಶುರುವಾದಾಗಲೇ ಗಾಡಿಗೆ ಹೇಳಿ. ಟ್ರಾನೆಕ್ಸಾಮಿಕ್ ಆಸಿಡ್ (ರಕ್ತಸ್ರಾವ ತಗ್ಗಿಸುವ ಔಷಧ) 1 ಗ್ರಾಂ 10 ನಿಮಿಷದಲ್ಲಿ, ಗಾಯವಾಗಿ 3 ಗಂಟೆಯೊಳಗೆ ಮಾತ್ರ. ಕೊಟ್ಟ ಹೊತ್ತನ್ನು ರೆಫರಲ್ ಚೀಟಿಯಲ್ಲಿ ಬರೆಯಿರಿ. ಮುಂದಿನ ಆಸ್ಪತ್ರೆಗೆ ಫೋನಿನಲ್ಲಿ "ಬಿಪಿ ಲೋ" ಎನ್ನಬೇಡಿ, ಮೊದಲ ಮತ್ತು ಕೊನೆಯ ಅಳತೆ ಎರಡನ್ನೂ ಹೊತ್ತಿನ ಸಮೇತ ಓದಿ ಹೇಳಿ.

ಕ್ಯಾಶುವಾಲ್ಟಿ_ಡ್ಯೂಟಿ
ಸೇರಿಸಿದ್ದೇನೆ. ಫೋನಿನಲ್ಲಿ ಓದುವ ಆ ಎರಡು ಸಾಲಿಗೆ ಕೆಳಗಡೆ ಬೇರೆ ಪೆಟ್ಟಿಗೆ ಮಾಡಿದೆ. ಕಫ್ ಚಿಕ್ಕದೋ ಮಧ್ಯಮವೋ ದೊಡ್ಡದೋ ಎಂಬ ಟಿಕ್ ಕೂಡ ಬಿಪಿ ಚೌಕದೊಳಗೇ ಬಂದಿದೆ.